ಕೀಲಿ ಯಾರ ಕೈಯಲ್ಲಿ? ಸುರಕ್ಷಿತ ವೆಬ್ ಸರ್ವರ್ ಸ್ಥಾಪನೆ ಕುರಿತು ಒಂದು ಸಂವಾದ

ಜಿಜ್ಞಾಸು: ಡೆಬಿಯನ್ ಲಿನಕ್ಸಿನಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಯಲ್ಲಿ ಅಪಾಚೆ ಎಂಬ ವೆಬ್ ಸರ್ವರನ್ನು ಸ್ಥಾಪಿಸಲು ಒಂದು ಸಾಲಿನ ಆದೇಶ ಸಾಕು, ಅದಕ್ಕೆ ಪ್ರಮಾಣಪತ್ರ ತರಿಸಿ ಜೋಡಿಸಲು ಇನ್ನೊಂದು ಸಾಲು ಸಾಕು, ಬ್ರೌಸರಿನಲ್ಲಿ ಬೀಗದ ಚಿಹ್ನೆ ಮೂಡುವ ಹೊತ್ತಿಗೆ ಹತ್ತು ನಿಮಿಷವೂ ಕಳೆದಿರುವುದಿಲ್ಲ. ಹೀಗಿರುವಾಗ ಸುರಕ್ಷಿತ ಸರ್ವರಿನ ಸ್ಥಾಪನೆಯನ್ನು ಒಂದು ಶಾಸ್ತ್ರವೆಂಬಂತೆ ಚರ್ಚಿಸುವ ಅಗತ್ಯವೇನಿದೆ?

ನಿರ್ವಾಹಕ: ಆ ಬೀಗದ ಚಿಹ್ನೆಯನ್ನು ಕ್ರೋಮ್ ಬ್ರೌಸರ್ 2023ರಲ್ಲಿ ವಿಳಾಸಪಟ್ಟಿಯಿಂದ ತೆಗೆದುಹಾಕಿತು, ಬೀಗವಿರುವ ತಾಣವೆಲ್ಲ ನಂಬಿಕೆಗೆ ಅರ್ಹವೆಂದು ಜನ ತಿಳಿದುಬಿಟ್ಟಿದ್ದುದೇ ಅದಕ್ಕೆ ಕಾರಣ. ಬೀಗ ಹೇಳುತ್ತಿದ್ದುದು ಬಹಳ ಸಣ್ಣ ಮಾತು: ಓದುಗರ ಬ್ರೌಸರಿಗೂ ಸರ್ವರಿಗೂ ನಡುವೆ ಹಾದುಹೋಗುವ ಮಾಹಿತಿಯನ್ನು ದಾರಿಯಲ್ಲಿರುವ ಮೂರನೆಯವರು ಓದಲಾರರು, ತಿದ್ದಲಾರರು ಎಂಬಷ್ಟೇ. ಆ ದಾರಿ ಹೋಗಿ ಮುಟ್ಟುವ ಯಂತ್ರದೊಳಗೆ ಏನು ನಡೆಯುತ್ತಿದೆಯೆಂಬುದು ಬೀಗಕ್ಕೆ ಗೊತ್ತಿರುವುದಿಲ್ಲ. ಆದುದರಿಂದ ಸುರಕ್ಷಿತ ಸರ್ವರ್ ಎಂಬ ಮಾತಿನೊಳಗೆ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ: ದಾರಿಯನ್ನು ಕಾಯುವುದು, ಯಂತ್ರವನ್ನು ಕಾಯುವುದು. ಮೊದಲನೆಯದನ್ನು ಟಿಎಲ್‌ಎಸ್ ಎಂಬ ಗೂಢಲಿಪಿಯ ನಿಯಮಾವಳಿ ನೋಡಿಕೊಳ್ಳುತ್ತದೆ. ಎರಡನೆಯದನ್ನು ನೋಡಿಕೊಳ್ಳುವುದು ಬಳಕೆದಾರರು ಮತ್ತು ಅನುಮತಿಗಳಿಗೆ ಸಂಬಂಧಿಸಿದ ಯುನಿಕ್ಸಿನ ಹಳೆಯ ಕಟ್ಟಳೆ. ತಾವು ಹೇಳಿದ ಹತ್ತು ನಿಮಿಷದಲ್ಲಿ ಎರಡೂ ಬಹುಮಟ್ಟಿಗೆ ಸರಿಯಾಗಿಯೇ ಆಗಿರುತ್ತವೆ, ಏಕೆಂದರೆ ಡೆಬಿಯನ್ ತಂಡದವರು ಎಷ್ಟೋ ನಿರ್ಧಾರಗಳನ್ನು ಸದ್ದಿಲ್ಲದೆ ಮೊದಲೇ ಮಾಡಿಟ್ಟಿದ್ದಾರೆ. ಆ ನಿರ್ಧಾರಗಳು ಯಾವುವೆಂದು ತಿಳಿಯದ ನಿರ್ವಾಹಕ ಹನ್ನೊಂದನೆಯ ನಿಮಿಷದಲ್ಲಿ ಅವನ್ನು ಕೆಡಿಸುತ್ತಾನೆ.

ಜಿಜ್ಞಾಸು: ಕೆಡಿಸುವುದು ಹೇಗೆ?

ನಿರ್ವಾಹಕ: ಅದನ್ನು ಅರಿಯಲು ಸರ್ವರ್ ಎದ್ದು ನಿಲ್ಲುವ ಕ್ರಮವನ್ನು ನೋಡಬೇಕು. ಜಾಲದಲ್ಲಿ ಒಂದೊಂದು ಸೇವೆಗೂ ಪೋರ್ಟ್ ಎಂಬ ಸಂಖ್ಯೆಯಿರುತ್ತದೆ. ತೆರೆದ ವೆಬ್ ಸಂಚಾರಕ್ಕೆ 80, ಗೂಢಲಿಪಿಯ ಸಂಚಾರಕ್ಕೆ 443. ಯುನಿಕ್ಸ್ ಸಂಪ್ರದಾಯದಂತೆ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ತೆರೆಯುವ ಹಕ್ಕು ರೂಟ್ ಎಂಬ ಸರ್ವಾಧಿಕಾರಿ ಬಳಕೆದಾರನಿಗೆ ಮಾತ್ರ ಇರುವುದರಿಂದ ಅಪಾಚೆಯ ಮೊದಲ ಪ್ರಕ್ರಿಯೆ, ಅಂದರೆ ಓಡುತ್ತಿರುವ ಪ್ರೋಗ್ರಾಂ, ರೂಟ್ ಆಗಿಯೇ ಹುಟ್ಟುತ್ತದೆ. ಅದು ಪೋರ್ಟುಗಳನ್ನು ತೆರೆದು, ದಾಖಲೆಯ ಫೈಲುಗಳನ್ನು ತೆರೆದು, ಖಾಸಗಿ ಕೀಲಿಯನ್ನು ಓದಿಕೊಂಡು, ಆಮೇಲೆ ಮರಿ ಪ್ರಕ್ರಿಯೆಗಳನ್ನು ಹುಟ್ಟಿಸುತ್ತದೆ. ಈ ಮರಿಗಳು ಓಡುವುದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಎಂಬ ಹೆಸರಿನ, ಲಾಗಿನ್ ಆಗುವ ಹಕ್ಕೂ ಇಲ್ಲದ ಬಡ ಬಳಕೆದಾರನಾಗಿ. ಹೊರಗಿನ ಅಪರಿಚಿತರ ಜೊತೆ ಮಾತನಾಡುವುದು ಮರಿಗಳೇ ಹೊರತು ತಾಯಿಯಲ್ಲ. ಗಲ್ಲಾದ ಮೇಲೆ ಕೂರಿಸಿದ ಹುಡುಗನ ಕೈಗೆ ಮನೆಯ ತಿಜೋರಿಯ ಬೀಗದಕೈ ಕೊಡದ ಅಂಗಡಿಯವರ ವಿವೇಕವೇ ಇಲ್ಲೂ ಕೆಲಸ ಮಾಡಿದೆ: ಮರಿ ಪ್ರಕ್ರಿಯೆಯನ್ನು ಯಾರಾದರೂ ವಶಪಡಿಸಿಕೊಂಡರೂ ಅವರಿಗೆ ದಕ್ಕುವುದು ಆ ಬಡ ಬಳಕೆದಾರನ ಅಧಿಕಾರ ಮಾತ್ರ.

ಈಗ ಕೆಡಿಸುವ ಬಗೆಗೆ ಬರೋಣ. ಪುಟವೊಂದು ತೆರೆಯದೆ ಅನುಮತಿಯಿಲ್ಲವೆಂಬ ಸಂದೇಶ ಬಂದೊಡನೆ, ಅವಸರದಲ್ಲಿರುವವರು ಇಡೀ ಡೈರೆಕ್ಟರಿಗೆ 777 ಎಂಬ ಅನುಮತಿ ಹಾಕಿಬಿಡುತ್ತಾರೆ. ಆ ಮೂರು ಅಂಕಿಗಳು ಕ್ರಮವಾಗಿ ಫೈಲಿನ ಒಡೆಯನಿಗೆ, ಅವನ ಗುಂಪಿಗೆ, ಉಳಿದ ಎಲ್ಲರಿಗೆ ಸಂಬಂಧಿಸಿದವು. ಓದಲು 4, ಬರೆಯಲು 2, ಚಲಾಯಿಸಲು 1, ಕೂಡಿದರೆ 7. ಹೀಗೆ ಮಾಡಿದಾಗ ಪುಟ ತೆರೆಯುತ್ತದೆ, ದೂರು ನಿಲ್ಲುತ್ತದೆ, ಯಂತ್ರದಲ್ಲಿರುವ ಯಾವ ಪ್ರೋಗ್ರಾಂ ಬೇಕಾದರೂ ಆ ಪುಟಗಳನ್ನು ತಿದ್ದಬಹುದೆಂಬುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಪುಟಗಳ ಒಡೆತನವನ್ನೇ ಆ ಬಡ ಬಳಕೆದಾರನಿಗೆ ಬಿಟ್ಟುಕೊಡುವುದು ಇದಕ್ಕಿಂತ ಸಭ್ಯವಾಗಿ ಕಾಣುವ, ಆದರೆ ಅಷ್ಟೇ ಕೆಟ್ಟ ಉಪಾಯ. ಡೆಬಿಯನ್ ಪುಟಗಳ ಡೈರೆಕ್ಟರಿಯನ್ನು ರೂಟ್‌ನ ಹೆಸರಿನಲ್ಲಿಟ್ಟು ಸರ್ವರಿಗೆ ಓದುವ ಹಕ್ಕನ್ನಷ್ಟೇ ಕೊಡುತ್ತದೆ. ತಾನು ಬಡಿಸುವ ಪುಟವನ್ನು ತಾನೇ ತಿದ್ದಲಾಗದ ಸರ್ವರ್ ಒಳ್ಳೆಯ ಸರ್ವರ್.

ಜಿಜ್ಞಾಸು: ಓದುವ ಹಕ್ಕು ಮಾತ್ರ ಕೊಟ್ಟರೂ ಯಂತ್ರದಲ್ಲಿ ಎಲ್ಲರೂ ಓದಬಹುದಾದ ಫೈಲುಗಳು ಸಾಕಷ್ಟಿರುತ್ತವೆ. ಸರ್ವರ್ ಅವನ್ನೆಲ್ಲ ಹೊರಗಿನವರಿಗೆ ಬಡಿಸದಂತೆ ತಡೆಯುವುದು ಯಾವುದು?

ನಿರ್ವಾಹಕ: ಅಪಾಚೆಯ ಮುಖ್ಯ ಸಂರಚನಾ ಫೈಲಿನಲ್ಲಿ ಫೈಲು ವ್ಯವಸ್ಥೆಯ ಬೇರಿನಿಂದಲೇ ಎಲ್ಲವನ್ನೂ ಎಲ್ಲರಿಗೂ ನಿರಾಕರಿಸುವ ಒಂದು ಸಾಲಿರುತ್ತದೆ, ಆಮೇಲೆ ಪುಟಗಳಿರುವ ಡೈರೆಕ್ಟರಿಯೊಂದಕ್ಕೆ ವಿನಾಯಿತಿ ಕೊಡಲಾಗುತ್ತದೆ. ಆ ಸಾಲಿನ ಬೆಲೆ 2021ರ ಅಕ್ಟೋಬರಿನಲ್ಲಿ ತಿಳಿಯಿತು. ಅಪಾಚೆಯ 2.4.49ನೇ ಆವೃತ್ತಿಯಲ್ಲಿ ವಿಳಾಸವನ್ನು ಶುದ್ಧಗೊಳಿಸುವ ಭಾಗ ತಪ್ಪಿದ್ದರಿಂದ, ಚುಕ್ಕೆಗಳನ್ನು ಸಂಕೇತಾಕ್ಷರದಲ್ಲಿ ಬರೆದು ಕಳಿಸಿದವರು ಪುಟಗಳ ಡೈರೆಕ್ಟರಿಯಿಂದ ಮೇಲೇರಿ ಯಂತ್ರದ ಬೇರೆ ಫೈಲುಗಳನ್ನು ಓದಬಹುದಾಗಿತ್ತು. ಅವಸರದಲ್ಲಿ ಬಂದ 2.4.50 ಅದನ್ನು ಪೂರ್ತಿ ಸರಿಪಡಿಸಲಿಲ್ಲ. ಕೆಲವೇ ದಿನಗಳಲ್ಲಿ 2.4.51 ಬರಬೇಕಾಯಿತು. ಆದರೆ ಆ ನಿರಾಕರಣೆಯ ಸಾಲನ್ನು ಹಾಗೇ ಉಳಿಸಿಕೊಂಡಿದ್ದವರ ಯಂತ್ರಗಳಲ್ಲಿ ಮೇಲೇರಿದವರಿಗೆ ಸಿಕ್ಕಿದ್ದು ನಿರಾಕರಣೆಯೇ. ಹಾಗೆಂದು ಡೆಬಿಯನ್ ಇಟ್ಟದ್ದೆಲ್ಲವೂ ಒಳ್ಳೆಯದೆಂದಲ್ಲ. ಮುಖಪುಟದ ಫೈಲಿಲ್ಲದ ಡೈರೆಕ್ಟರಿಯ ಒಳಪಟ್ಟಿಯನ್ನು ಕೇಳಿದವರಿಗೆಲ್ಲ ತೋರಿಸುವ ಆಯ್ಕೆ ಅದೇ ಫೈಲಿನಲ್ಲಿ ತೆರೆದೇ ಇರುತ್ತದೆ. ಹಳೆಯ ಬ್ಯಾಕಪ್ ಫೈಲುಗಳು ಹೊರಗೆ ಬೀಳುವುದು ಎಷ್ಟೋ ಸಲ ಈ ಬಾಗಿಲಿನಿಂದಲೇ. ಅದನ್ನು ಮುಚ್ಚಬೇಕು.

ಜಿಜ್ಞಾಸು: ಖಾಸಗಿ ಕೀಲಿಯ ಪ್ರಸ್ತಾಪ ಬಂತು. ಪ್ರಮಾಣಪತ್ರಕ್ಕೂ ಅದಕ್ಕೂ ಇರುವ ಸಂಬಂಧವೇನು?

ನಿರ್ವಾಹಕ: ಕೀಲಿಗಳು ಜೋಡಿಯಾಗಿ ಹುಟ್ಟುತ್ತವೆ. ಸಾರ್ವಜನಿಕ ಕೀಲಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಖಾಸಗಿ ಕೀಲಿಯನ್ನು ಯಾರಿಗೂ ಕೊಡುವಂತಿಲ್ಲ. ಖಾಸಗಿ ಕೀಲಿಯಿಂದ ಮಾಡಿದ ಸಹಿಯನ್ನು ಸಾರ್ವಜನಿಕ ಕೀಲಿಯಿಂದ ಪರೀಕ್ಷಿಸಬಹುದು, ಆದರೆ ಸಾರ್ವಜನಿಕ ಕೀಲಿಯಿಂದ ಖಾಸಗಿ ಕೀಲಿಯನ್ನು ಲೆಕ್ಕಹಾಕಿ ತೆಗೆಯುವುದು ಕಾರ್ಯಸಾಧ್ಯವಲ್ಲ. ‘ಈ ಸಾರ್ವಜನಿಕ ಕೀಲಿ ಇಂಥ ವಿಳಾಸದ ತಾಣಕ್ಕೆ ಸೇರಿದ್ದು’ ಎಂದು ಬ್ರೌಸರುಗಳು ನಂಬುವ ಸಂಸ್ಥೆಯೊಂದು ಸಹಿ ಹಾಕಿ ಕೊಡುವ ಹೇಳಿಕೆಯೇ ಪ್ರಮಾಣಪತ್ರ. ಆ ಸಂಸ್ಥೆಗೆ ಕಳಿಸಬೇಕಾದುದು ಸಾರ್ವಜನಿಕ ಕೀಲಿಯನ್ನೂ ವಿಳಾಸವನ್ನೂ ಒಳಗೊಂಡ ಒಂದು ಕೋರಿಕೆಯನ್ನು ಮಾತ್ರ. ಖಾಸಗಿ ಕೀಲಿ ಹುಟ್ಟಿದ ಯಂತ್ರದಿಂದ ಹೊರಗೆ ಕಾಲಿಡಬೇಕಾದ ಸಂದರ್ಭವೇ ಬರಕೂಡದು. ಗ್ರಾಹಕರ ಅನುಕೂಲಕ್ಕೆಂದು ಕೀಲಿಗಳನ್ನು ತಾವೇ ಹುಟ್ಟಿಸಿ, ಪ್ರತಿ ಇಟ್ಟುಕೊಳ್ಳುವ ಮಾರಾಟಗಾರರೂ ಇದ್ದರು. 2018ರಲ್ಲಿ ಅಂಥ ಒಬ್ಬ ಮರುಮಾರಾಟಗಾರರು ಸುಮಾರು 23 ಸಾವಿರ ಖಾಸಗಿ ಕೀಲಿಗಳನ್ನು ಇಮೇಲಿನಲ್ಲಿ ಕಳಿಸಿದರು, ಆ ಪ್ರಮಾಣಪತ್ರಗಳನ್ನೆಲ್ಲ ತರಾತುರಿಯಲ್ಲಿ ರದ್ದುಮಾಡಬೇಕಾಯಿತು.

ಡಿಸ್ಕಿನ ಮೇಲೆ ಈ ಕೀಲಿ ಒಂದು ಪುಟ್ಟ ಪಠ್ಯ ಫೈಲು. ಅದರ ಅನುಮತಿ 600 ಇರಬೇಕು, ಒಡೆಯ ರೂಟ್ ಆಗಿರಬೇಕು. ಫೈಲುಗಳ ಪಟ್ಟಿ ತೆಗೆದಾಗ ಅದರ ಸಾಲಿನ ಆರಂಭದಲ್ಲಿ ಓದುವ, ಬರೆಯುವ ಎರಡು ಅಕ್ಷರಗಳು ಕಾಣಬೇಕು, ಉಳಿದ ಜಾಗಗಳಲ್ಲೆಲ್ಲ ಬರಿಯ ಅಡ್ಡಗೆರೆಗಳಿರಬೇಕು. ಆ ಬಡ ಬಳಕೆದಾರನಿಗೂ ಅದನ್ನು ಓದುವ ಹಕ್ಕಿಲ್ಲ. ತಾಯಿ ಪ್ರಕ್ರಿಯೆ ಮೊದಲೇ ಓದಿಟ್ಟುಕೊಂಡಿರುವುದರಿಂದ ಅವನಿಗೆ ಅದರ ಅಗತ್ಯವೂ ಇಲ್ಲ.

ಜಿಜ್ಞಾಸು: ಕೀಲಿಯನ್ನು ಇಷ್ಟು ಜತನವಾಗಿಟ್ಟ ಮೇಲೆ ಅದನ್ನು ಊಹಿಸುವುದಂತೂ ಸಾಧ್ಯವಿಲ್ಲವಲ್ಲ.

ನಿರ್ವಾಹಕ: ಊಹಿಸಲಾಗದಂತೆ ಹುಟ್ಟಿದ್ದರೆ ಸಾಧ್ಯವಿಲ್ಲ. ಕೀಲಿಯ ಬಲವಿರುವುದು ಅದು ಹುಟ್ಟುವಾಗ ಬಳಸಿದ ಯಾದೃಚ್ಛಿಕ ಸಂಖ್ಯೆಗಳಲ್ಲಿ, ಅಂದರೆ ಯಾವ ಕ್ರಮಕ್ಕೂ ಸಿಗದ ಸಂಖ್ಯೆಗಳಲ್ಲಿ. 2006ರಲ್ಲಿ ಡೆಬಿಯನ್‌ನಲ್ಲಿ ಟಿಎಲ್‌ಎಸ್‌ನ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ಎಂಬ ಪ್ಯಾಕೇಜಿನಿಂದ, ದೋಷಪರೀಕ್ಷಕ ಸಾಧನವೊಂದು ಎಚ್ಚರಿಸಿತೆಂಬ ಕಾರಣಕ್ಕೆ, ಕೋಡಿನ ಸಾಲುಗಳನ್ನು ತೆಗೆಯಲಾಯಿತು. ಸಂಖ್ಯೆಗಳಿಗೆ ಯಾದೃಚ್ಛಿಕತೆ ತುಂಬುತ್ತಿದ್ದ ಸಾಲೂ ಅದರಲ್ಲೇ ಹೋಯಿತು. ಉಳಿದ ಒಂದೇ ಬೀಜ ಪ್ರಕ್ರಿಯೆಯ ಕ್ರಮಾಂಕ. ಆ ಕ್ರಮಾಂಕಗಳು ಹೆಚ್ಚೆಂದರೆ 32,768. ಒಂದು ಬಗೆಯ ಯಂತ್ರದಲ್ಲಿ, ಒಂದು ಉದ್ದದ ಕೀಲಿಗೆ ಅಷ್ಟೇ ಸಾಧ್ಯತೆಗಳು ಉಳಿದವು. ಅವೆಲ್ಲವನ್ನೂ ಹುಟ್ಟಿಸಿ ಪಟ್ಟಿ ಮಾಡಿಟ್ಟುಕೊಳ್ಳಬಹುದಾಗಿತ್ತು. ಇದು ಬೆಳಕಿಗೆ ಬಂದುದು 2008ರ ಮೇ ತಿಂಗಳಿನಲ್ಲಿ. ಅಲ್ಲಿಯವರೆಗೆ ಅಂಥ ಕೀಲಿಗಳ ಫೈಲುಗಳಿಗೂ ಅನುಮತಿ 600 ಇತ್ತು, ಒಡೆಯ ರೂಟ್ ಆಗಿದ್ದ.

ಜಿಜ್ಞಾಸು: ಹಾಗಾದರೆ ಒಂದು ಆಕ್ಷೇಪವಿದೆ. ತಾಯಿ ಪ್ರಕ್ರಿಯೆ ಕೀಲಿಯನ್ನು ಓದಿಕೊಂಡು ಆಮೇಲೆ ಮರಿಗಳನ್ನು ಹುಟ್ಟಿಸುತ್ತದೆಯೆಂದು ತಾವೇ ಹೇಳಿದಿರಿ. ಯುನಿಕ್ಸಿನಲ್ಲಿ ಮರಿ ಪ್ರಕ್ರಿಯೆ ತಾಯಿಯ ಸ್ಮೃತಿಯ ಪ್ರತಿಯನ್ನೇ ಪಡೆಯುವುದಾದರೆ, ಫೈಲಿಗೆ ಹಾಕಿದ ಬೇಲಿಯೆಲ್ಲ ವ್ಯರ್ಥವಲ್ಲವೇ? ಕೀಲಿ ಮರಿಯ ಸ್ಮೃತಿಯಲ್ಲಿಯೇ ಇದೆ.

ನಿರ್ವಾಹಕ: ಈ ಆಕ್ಷೇಪ ಸರಿಯಾದುದು, 2014ರ ಏಪ್ರಿಲ್ 7ರಂದು ಪ್ರಕಟವಾದ ಹಾರ್ಟ್‌ಬ್ಲೀಡ್ ದೋಷ ಅದನ್ನೇ ಎತ್ತಿ ತೋರಿಸಿತು. ಟಿಎಲ್‌ಎಸ್‌ನಲ್ಲಿ ಸಂಪರ್ಕ ಜೀವಂತವಾಗಿದೆಯೇ ಎಂದು ವಿಚಾರಿಸುವ ಒಂದು ಸೌಲಭ್ಯವಿದೆ: ಒಂದು ಕಡೆಯವರು ಒಂದಷ್ಟು ಅಕ್ಷರಗಳನ್ನೂ ಅವುಗಳ ಉದ್ದವನ್ನೂ ಕಳಿಸಿದರೆ ಇನ್ನೊಂದು ಕಡೆಯವರು ಅವನ್ನೇ ಮರಳಿಸಬೇಕು. ಓಪನ್‌ಎಸ್‌ಎಸ್‌ಎಲ್ 1.0.1 ಸರಣಿಯ ಕೋಡು, ಬಂದ ಅಕ್ಷರಗಳು ನಿಜಕ್ಕೂ ಹೇಳಿದಷ್ಟು ಉದ್ದ ಇವೆಯೇ ಎಂದು ನೋಡುತ್ತಿರಲಿಲ್ಲ. ಒಂದು ಅಕ್ಷರ ಕಳಿಸಿ ಉದ್ದ 64 ಸಾವಿರವೆಂದು ಹೇಳಿದವರಿಗೆ, ಆ ಅಕ್ಷರದ ಪಕ್ಕದಲ್ಲಿ ಸ್ಮೃತಿಯಲ್ಲಿ ಏನಿತ್ತೋ ಅದನ್ನೆಲ್ಲ 64 ಕಿಲೋಬೈಟುಗಳವರೆಗೆ ಸೇರಿಸಿ ಸರ್ವರ್ ಮರಳಿಸುತ್ತಿತ್ತು, ಸಾಮಾನ್ಯ ದಾಖಲೆಗಳಲ್ಲಿ ಅದರ ಗುರುತೂ ಉಳಿಯುತ್ತಿರಲಿಲ್ಲ. ಈ ರೀತಿಯಲ್ಲಿ ಖಾಸಗಿ ಕೀಲಿಯೇ ಹೊರಬರುವುದು ಸಂಭವವೇ ಎಂಬ ಅನುಮಾನ ಆಗ ಕ್ಲೌಡ್‌ಫ್ಲೇರ್ ಸಂಸ್ಥೆಗಿತ್ತು. ಅದು ದೋಷವಿರುವ ಸರ್ವರೊಂದನ್ನು ಬೇಕೆಂದೇ ಜಾಲದಲ್ಲಿಟ್ಟು, ಕೀಲಿ ಕದಿಯಬಲ್ಲವರು ಕದಿಯಲೆಂದು ಸವಾಲು ಹಾಕಿತು. ಅಂದೇ ಕೀಲಿ ಹೊರಬಂತು. ಫೈಲಿನ ಅನುಮತಿಯನ್ನು ಯಾರೂ ಮುರಿಯಲಿಲ್ಲ, ಮುರಿಯುವ ಅಗತ್ಯವೂ ಬೀಳಲಿಲ್ಲ.

ದೋಷ ಹೊತ್ತ ತಂತ್ರಾಂಶವನ್ನು ಅಪ್‌ಡೇಟ್ ಮಾಡಿದರೆ ಅರ್ಧ ಕೆಲಸವಷ್ಟೇ ಆಗುತ್ತಿತ್ತು. ಕೀಲಿ ಆಗಲೇ ಕಳುವಾಗಿರಬಹುದಾದ್ದರಿಂದ ಹೊಸ ಕೀಲಿ ಹುಟ್ಟಿಸಿ, ಹೊಸ ಪ್ರಮಾಣಪತ್ರ ಪಡೆದು, ಹಳೆಯದನ್ನು ರದ್ದುಪಡಿಸಬೇಕಿತ್ತು. ಹಳೆಯ ಕೀಲಿಗೇ ಹೊಸ ಪ್ರಮಾಣಪತ್ರ ಪಡೆದು ಸುಮ್ಮನಾದ ತಾಣಗಳೂ ಇದ್ದವು. ಪ್ರಮಾಣಪತ್ರವನ್ನೇ ಭದ್ರತೆಯೆಂದು ತಿಳಿದರೆ ಆಗುವುದು ಹೀಗೆ.

ಜಿಜ್ಞಾಸು: ಹಾಗಿದ್ದರೆ ಕೀಲಿಯನ್ನು ಮರಿಗೆ ಕೊಡದೆಯೇ ಸರ್ವರ್ ನಡೆಸಲು ಬರುವುದಿಲ್ಲವೇ?

ನಿರ್ವಾಹಕ: ಬರುತ್ತದೆ. ಮರಿಗೆ ಬೇಕಾದುದು ಕೀಲಿಯಿಂದ ಮಾಡಿದ ಸಹಿಯೇ ಹೊರತು ಕೀಲಿಯಲ್ಲ. ಕೀಲಿಯನ್ನು ಜಾಲದ ಸಂಪರ್ಕವೇ ಇಲ್ಲದ ಪ್ರತ್ಯೇಕ ಪ್ರಕ್ರಿಯೆಯೊಂದರಲ್ಲಿಟ್ಟು, ಸಹಿ ಬೇಕಾದಾಗಲೆಲ್ಲ ಮರಿ ಅದನ್ನು ಕೇಳಿ ಪಡೆಯುವಂತೆ ಕಟ್ಟಬಹುದು. ಓಪನ್‌ಬಿಎಸ್‌ಡಿ ಎಂಬ ಯುನಿಕ್ಸ್ ಮಾದರಿಯ ವ್ಯವಸ್ಥೆಯವರು ತಮ್ಮ ರಿಲೇಡಿ ಎಂಬ ಪ್ರೋಗ್ರಾಮಿನಲ್ಲಿ 2014ರಲ್ಲಿಯೇ ಹಾಗೆ ಮಾಡಿದರು. ಓಪನ್‌ಎಸ್‌ಎಸ್‌ಎಲ್ ಕೋಡನ್ನು ಕವಲೊಡೆಸಿ ಲಿಬ್ರೆಎಸ್‌ಎಸ್‌ಎಲ್ ಎಂಬ ತಮ್ಮದೇ ಆವೃತ್ತಿಯನ್ನು ಅದೇ ವರ್ಷ ಆರಂಭಿಸಿದರು. ಅವರ ವೆಬ್ ಸರ್ವರ್ ಓಡುವುದು ಸಿಎಚ್‌ರೂಟ್ ಎಂಬ ಆವರಣದೊಳಗೆ, ಅಂದರೆ ಒಂದು ಡೈರೆಕ್ಟರಿಯನ್ನೇ ಇಡೀ ಫೈಲು ವ್ಯವಸ್ಥೆಯ ಬೇರೆಂದು ಪ್ರಕ್ರಿಯೆಗೆ ನಂಬಿಸುವ, 1979ರ ಏಳನೆಯ ಆವೃತ್ತಿಯ ಯುನಿಕ್ಸಿನಿಂದ ಬಂದ ಏರ್ಪಾಟಿನೊಳಗೆ. ಅಪಾಚೆಯ ಸಾಮಾನ್ಯ ಸ್ಥಾಪನೆಯಲ್ಲಿ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ. ಚಿಕ್ಕ ತಾಣಕ್ಕೆ ಅದು ಅನಿವಾರ್ಯವೂ ಅಲ್ಲ. ಭದ್ರತಾ ಅಪ್‌ಡೇಟುಗಳು ತಾವಾಗಿಯೇ ಸ್ಥಾಪನೆಯಾಗುವಂತೆ ಮಾಡಿಟ್ಟರೆ ಅದರಿಂದಾಗುವ ಪ್ರಯೋಜನ ಇದಕ್ಕಿಂತ ದೊಡ್ಡದು.

ಜಿಜ್ಞಾಸು: ಕದ್ದ ಕೀಲಿಯಿಂದ ಹಿಂದೆ ನಡೆದ ಸಂಭಾಷಣೆಗಳನ್ನೂ ಬಿಡಿಸಿ ಓದಬಹುದೇ?

ನಿರ್ವಾಹಕ: ಹಳೆಯ ವಿಧಾನದಲ್ಲಿ ಓದಬಹುದಾಗಿತ್ತು, ಏಕೆಂದರೆ ಸಂಭಾಷಣೆಯ ತಾತ್ಕಾಲಿಕ ಕೀಲಿಯನ್ನು ಸರ್ವರಿನ ಶಾಶ್ವತ ಕೀಲಿಯಿಂದಲೇ ಬಿಡಿಸಬಹುದಾದಂತೆ ಸುತ್ತಿ ಕಳಿಸಲಾಗುತ್ತಿತ್ತು, ಸಂಚಾರವನ್ನೆಲ್ಲ ದಾಖಲಿಸಿಟ್ಟುಕೊಂಡವರು ವರ್ಷಗಳ ನಂತರ ಕೀಲಿ ಸಿಕ್ಕಿದಾಗ ಎಲ್ಲವನ್ನೂ ಬಿಡಿಸಬಹುದಾಗಿತ್ತು. 2018ರ ಆಗಸ್ಟಿನಲ್ಲಿ ಬಂದ ಟಿಎಲ್‌ಎಸ್ 1.3 ಆ ವಿಧಾನವನ್ನೇ ಕೈಬಿಟ್ಟಿತು. ಈಗ ಶಾಶ್ವತ ಕೀಲಿ ಗುರುತು ಹೇಳಲು ಮಾತ್ರ. ಗುಟ್ಟಿನ ಕೀಲಿ ಸಂಪರ್ಕಕ್ಕೊಂದರಂತೆ ಹುಟ್ಟಿ ಸಾಯುತ್ತದೆ. ಆದುದರಿಂದ ಅಪಾಚೆಯ ಸಂರಚನೆಯಲ್ಲಿ 1.3 ಮತ್ತು 1.2 ಆವೃತ್ತಿಗಳನ್ನು ಮಾತ್ರ ಅನುಮತಿಸಬೇಕು, 1.0 ಮತ್ತು 1.1ನ್ನು ಮಾನಕ ಸಂಸ್ಥೆಯೇ 2021ರಲ್ಲಿ ತ್ಯಜಿಸಿದೆ.

ಹಳೆಯದನ್ನು ಯಾರಿಗಾದರೂ ಬೇಕಾದೀತೆಂದು ಉಳಿಸಿಕೊಳ್ಳುವ ಔದಾರ್ಯ ಇಲ್ಲಿ ಅಪಾಯಕರ. 1990ರ ದಶಕದಲ್ಲಿ ಅಮೆರಿಕವು ಬಲವಾದ ಗೂಢಲಿಪಿಯನ್ನು ಶಸ್ತ್ರಾಸ್ತ್ರಗಳ ಸಾಲಿಗೆ ಸೇರಿಸಿ ರಫ್ತನ್ನು ನಿರ್ಬಂಧಿಸಿತ್ತು. ಬೇರೆ ದೇಶದವರಿಗೆ ಸಿಗುತ್ತಿದ್ದುದು 40 ಬಿಟ್ಟುಗಳ ದುರ್ಬಲ ಕೀಲಿ. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಆಸ್ಟ್ರೇಲಿಯದಲ್ಲಿ ಕುಳಿತು ಎಸ್‌ಎಸ್‌ಎಲ್‌ಇಎವೈ ಎಂಬ ಮುಕ್ತ ಕೋಡ್ ಸಂಗ್ರಹವನ್ನು ಬರೆದುದರಿಂದ ಅಮೆರಿಕದ ಹೊರಗಿನವರಿಗೂ ಬಲವಾದ ಗೂಢಲಿಪಿ ದಕ್ಕಿತು. ಓಪನ್‌ಎಸ್‌ಎಸ್‌ಎಲ್ ಅದರ ಸಂತಾನ. 2000ದ ಜನವರಿಯಲ್ಲಿ ನಿರ್ಬಂಧ ಸಡಿಲವಾಯಿತು, ಆದರೆ ರಫ್ತು ದರ್ಜೆಯ ದುರ್ಬಲ ಆಯ್ಕೆಗಳನ್ನು ಎಷ್ಟೋ ಸರ್ವರುಗಳಿಂದ ಕಿತ್ತುಹಾಕಲಿಲ್ಲ. 2015ರ ಫ್ರೀಕ್ ಎಂಬ ದಾಳಿ, ಬ್ರೌಸರನ್ನೂ ಸರ್ವರನ್ನೂ ಉಪಾಯದಿಂದ ಅದೇ ದರ್ಜೆಯ 512 ಬಿಟ್ಟಿನ ಕೀಲಿಗೆ ಇಳಿಸುವುದಾಗಿತ್ತು.

ಜಿಜ್ಞಾಸು: ಪ್ರಮಾಣಪತ್ರ ಕೊಡುವ ಸಂಸ್ಥೆಯೇ ತಪ್ಪು ಮಾಡಿದರೆ ಏನು ಗತಿ? ಭಾರತದಲ್ಲಿ ಇ-ಟೆಂಡರಿಗೂ ಕಂಪನಿ ದಾಖಲೆಗಳಿಗೂ ಬಳಸುವ ಡಿಜಿಟಲ್ ಸಹಿ, ಐಟಿ ಕಾಯ್ದೆಯಡಿಯ ನಿಯಂತ್ರಕರ ಪರವಾನಗಿ ಪಡೆದ ಸಂಸ್ಥೆಗಳಿಂದ ಬರುತ್ತದೆ. ಸರ್ವರಿಗೂ ಅಲ್ಲಿಂದಲೇ ಪಡೆದರೆ ಆಗದೇ?

ನಿರ್ವಾಹಕ: ಯಾವ ಸಂಸ್ಥೆಯನ್ನು ನಂಬಬೇಕೆಂದು ನಿರ್ಧರಿಸುವುದು ದೇಶದ ಕಾಯ್ದೆಯಲ್ಲ, ಬ್ರೌಸರುಗಳನ್ನೂ ಕಾರ್ಯಾಚರಣ ವ್ಯವಸ್ಥೆಗಳನ್ನೂ ತಯಾರಿಸುವವರ ಪಟ್ಟಿ. ಭಾರತದ ನಿಯಂತ್ರಕರ ಮೂಲ ಪ್ರಮಾಣಪತ್ರ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿತ್ತು. 2014ರ ಜುಲೈನಲ್ಲಿ, ಅದರಡಿಯಲ್ಲಿದ್ದ ರಾಷ್ಟ್ರೀಯ ಮಾಹಿತಿ ಕೇಂದ್ರದ ಘಟಕದಿಂದ ಗೂಗಲ್‌ನ ಕೆಲವು ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟಿದ್ದುದು ಪತ್ತೆಯಾಯಿತು. ನಿಯಂತ್ರಕರು ಆ ಘಟಕದ ಪ್ರಮಾಣಪತ್ರಗಳನ್ನು ರದ್ದುಪಡಿಸಿದರು, ಗೂಗಲ್ ತನ್ನ ಬ್ರೌಸರಿನಲ್ಲಿ ಭಾರತದ ಈ ಮೂಲವನ್ನು ಬಹುಮಟ್ಟಿಗೆ ಸರ್ಕಾರಿ ವಿಳಾಸಗಳಿಗೆ ಸೀಮಿತಗೊಳಿಸಿತು. ಪಟ್ಟಿಯಲ್ಲಿರುವ ಯಾವುದೇ ಸಂಸ್ಥೆ ಯಾವುದೇ ತಾಣಕ್ಕೆ ಪ್ರಮಾಣಪತ್ರ ಕೊಡಬಲ್ಲದೆಂಬುದು ಈ ಏರ್ಪಾಟಿನ ಹುಟ್ಟುದೋಷ. ಕೊಟ್ಟ ಪ್ರಮಾಣಪತ್ರಗಳನ್ನೆಲ್ಲ ಬಹಿರಂಗ ದಾಖಲೆಯಲ್ಲಿ ನಮೂದಿಸಬೇಕೆಂದು ಕ್ರೋಮ್ 2018ರಿಂದ ಒತ್ತಾಯಿಸುತ್ತಿರುವುದು ಇದರ ಪರಿಹಾರಕ್ಕಾಗಿಯೇ. ತಮ್ಮ ವಿಳಾಸಕ್ಕೆ ಬೇರೆ ಯಾರಾದರೂ ಪ್ರಮಾಣಪತ್ರ ಪಡೆದಿದ್ದಾರೆಯೇ ಎಂದು ನಿರ್ವಾಹಕರು ಆ ದಾಖಲೆಯಲ್ಲಿ ನೋಡಬಹುದು.

ಜಿಜ್ಞಾಸು: ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಇವರಿಗಿಂತ ಕಡಿಮೆ ನಂಬಿಕೆಯದೇ?

ನಿರ್ವಾಹಕ: ಅಲ್ಲ. 2015ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಆ ಸಂಸ್ಥೆ ಪರೀಕ್ಷಿಸುವುದು ಒಂದೇ ಸಂಗತಿಯನ್ನು: ಕೇಳುತ್ತಿರುವವರ ಹಿಡಿತದಲ್ಲಿ ಆ ವಿಳಾಸ ಇದೆಯೇ? ಯಂತ್ರದಲ್ಲಿ ಓಡುವ ಸರ್ಟ್‌ಬಾಟ್‌ನಂಥ ಪ್ರೋಗ್ರಾಂ, ಸಂಸ್ಥೆ ಹೇಳಿದ ಗುರುತಿನ ಫೈಲನ್ನು ಹೇಳಿದ ಜಾಗದಲ್ಲಿಡುತ್ತದೆ. ಸಂಸ್ಥೆ 80ನೇ ಪೋರ್ಟಿನ ಮೂಲಕ ಅದನ್ನು ಓದಿ ನೋಡುತ್ತದೆ. 80ನ್ನು ಫೈರ್‌ವಾಲ್‌ನಲ್ಲಿ ಮುಚ್ಚುವವರು ಈ ಕಾರಣಕ್ಕಾಗಿಯೇ ಆಮೇಲೆ ಪೇಚಿಗೆ ಸಿಲುಕುತ್ತಾರೆ. ಅದನ್ನು ತೆರೆದಿಟ್ಟು, ಬಂದವರನ್ನು 443ಕ್ಕೆ ಕಳಿಸಬೇಕು. ಇನ್ನು ಮುಂದೆ ನೇರವಾಗಿ ಅಲ್ಲಿಗೇ ಬರಬೇಕೆಂದು ಬ್ರೌಸರಿಗೆ ತಿಳಿಸುವ ಎಚ್‌ಎಸ್‌ಟಿಎಸ್ ಎಂಬ ಸೂಚನೆಯನ್ನೂ ಕೊಡಬೇಕು, ಆದರೆ ಮೊದಲಿಗೆ ಕಡಿಮೆ ಅವಧಿಗೆ. ಆ ಸೂಚನೆ ಪಡೆದ ಬ್ರೌಸರ್, ಪ್ರಮಾಣಪತ್ರದ ಅವಧಿ ತೀರಿದ್ದರೆ ಎಚ್ಚರಿಕೆಯನ್ನು ದಾಟಿಹೋಗಲೂ ಬಿಡುವುದಿಲ್ಲ.

ಜಿಜ್ಞಾಸು: ಅವಧಿ ತೀರುವ ಮುನ್ನ ಸರ್ಟ್‌ಬಾಟ್ ತಾನೇ ನವೀಕರಿಸುತ್ತದಲ್ಲ?

ನಿರ್ವಾಹಕ: ಡಿಸ್ಕಿನ ಮೇಲಿನ ಫೈಲನ್ನು ನವೀಕರಿಸುತ್ತದೆ. ಕೀಲಿಯಂತೆ ಪ್ರಮಾಣಪತ್ರವೂ ಸರ್ವರ್ ಎದ್ದಾಗ ಸ್ಮೃತಿಗೆ ಹೋಗಿ ಕುಳಿತಿರುತ್ತದೆ. ಸರ್ವರನ್ನು ಮತ್ತೆ ಓದಿಕೊಳ್ಳುವಂತೆ ಹೇಳದಿದ್ದರೆ ಅದು ಹಳೆಯದನ್ನೇ ತೋರಿಸುತ್ತಿರುತ್ತದೆ. ಅಪಾಚೆಗೆಂದೇ ಇರುವ ಪ್ಲಗಿನ್ ಬಳಸಿದರೆ ಆ ಕೆಲಸ ತಾನಾಗಿ ಆಗುತ್ತದೆ. ಫೈಲನ್ನು ಇಟ್ಟು ಹೋಗುವ ವಿಧಾನ ಆರಿಸಿಕೊಂಡವರು ನವೀಕರಣದ ನಂತರ ರಿಲೋಡ್ ಆದೇಶ ಓಡುವಂತೆ ತಾವೇ ಕಟ್ಟಬೇಕು. ಫೈಲಿನ ದಿನಾಂಕ ನೋಡಿ ಎಲ್ಲ ಸರಿಯಿದೆಯೆಂದು ತೃಪ್ತರಾದವರ ತಾಣಗಳು ಅವಧಿ ಮೀರಿ ನಿಲ್ಲುವುದು ಹೀಗೆಯೇ. ಇಂದು 90 ದಿನಗಳ ಪ್ರಮಾಣಪತ್ರವೇ ವಾಡಿಕೆ. ಬ್ರೌಸರ್ ತಯಾರಕರೂ ಪ್ರಮಾಣಪತ್ರ ಸಂಸ್ಥೆಗಳೂ 2025ರಲ್ಲಿ ಒಪ್ಪಿಕೊಂಡಿರುವಂತೆ 2029ರ ಮಾರ್ಚ್ 15ರಿಂದ ಗರಿಷ್ಠ ಅವಧಿಯೇ 47 ದಿನಗಳಾಗುವುದರಿಂದ, ಕೈಯಾರೆ ನೆನಪಿಟ್ಟುಕೊಂಡು ಮಾಡುವ ಕಾಲ ಮುಗಿಯುತ್ತಿದೆ.

ಜಿಜ್ಞಾಸು: ಅವಧಿ ಹತ್ತಿರ ಬಂದಾಗ ಸಂಸ್ಥೆಯಿಂದ ಎಚ್ಚರಿಕೆಯ ಇಮೇಲ್ ಬರುತ್ತಿತ್ತೆಂದು ಕೇಳಿದ್ದುಂಟು.

ನಿರ್ವಾಹಕ: ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು 2025ರ ಜೂನ್‌ನಲ್ಲಿ ನಿಲ್ಲಿಸಿತು. ಆದುದರಿಂದ ಓಪನ್‌ಎಸ್‌ಎಸ್‌ಎಲ್‌ನ ಕ್ಲೈಂಟ್ ಆದೇಶದಿಂದ ದಿನಕ್ಕೊಮ್ಮೆ 443ನೇ ಪೋರ್ಟಿಗೆ ಸಂಪರ್ಕ ಕಲ್ಪಿಸಿ, ಸರ್ವರ್ ನಿಜಕ್ಕೂ ತೋರಿಸುತ್ತಿರುವ ಪ್ರಮಾಣಪತ್ರದ ಕೊನೆಯ ದಿನಾಂಕವನ್ನು ಓದಿ, ಅದು ಹತ್ತಿರವಿದ್ದರೆ ಸಂದೇಶ ಕಳಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿಡುವುದು ಲೇಸು. ಅದನ್ನು ಬೇರೊಂದು ಯಂತ್ರದಲ್ಲಿ ಓಡಿಸಬೇಕು. ಸರ್ವರ್ ಇರುವ ಯಂತ್ರದಲ್ಲೇ ಇಟ್ಟರೆ, ನವೀಕರಣವನ್ನು ನಿಲ್ಲಿಸಿದ ಕಾರಣವೇ ಈ ಸ್ಕ್ರಿಪ್ಟನ್ನೂ ನಿಲ್ಲಿಸಿರುವ ಸಂಭವ ಹೆಚ್ಚು.